ಮನೆಯಲ್ಲಿ ಆರು ಜನ, ನನಗೆ ಬೇಕಿರುವುದು ಅರ್ಧ ಗಂಟೆ

ಪಾರ್ಕಿಂಗ್_ಪದ್ಮಿನಿ | ಶುಕ್ರವಾರ ರಾತ್ರಿ 11.20

ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು. ಉದ್ದ ಆದರೆ ಬೈಯಬೇಡಿ.

ಬೆಂಗಳೂರಲ್ಲಿ ಬನಶಂಕರಿ ಕಡೆ ನಮ್ಮ ಮನೆ. ಎರಡು ಬೆಡ್‌ರೂಮಿನ ಫ್ಲ್ಯಾಟ್. ನಾನು, ನಮ್ಮ ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ಪರೀಕ್ಷೆಗೆ ಓದುತ್ತಿರುವ ಮೈದುನ ಹಾಲ್‌ನಲ್ಲಿ ಮಲಗುತ್ತಾನೆ. ವಾರದಲ್ಲಿ ಎರಡು ದಿನ ಆಫೀಸು, ಮೂರು ದಿನ ಮನೆಯಿಂದಲೇ ಕೆಲಸ. ಬೆಡ್‌ರೂಮಿನ ಮೂಲೆಯಲ್ಲಿ ಮಡಚುವ ಟೇಬಲ್ ಒಂದಿದೆ, ಅದೇ ನನ್ನ ಆಫೀಸು.

ಯಾರ ಮೇಲೂ ದೂರಿಲ್ಲ. ಅತ್ತೆ ಒಳ್ಳೆಯವರು, ಅಡುಗೆಯಲ್ಲಿ ಅರ್ಧ ಅವರದ್ದೇ. ಆದರೆ ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹನ್ನೊಂದರ ತನಕ ಯಾರಾದರೂ ಒಬ್ಬರು ನನ್ನನ್ನು ಕರೆಯುತ್ತಲೇ ಇರುತ್ತಾರೆ. ‘ಅಮ್ಮಾ, ಸಾಕ್ಸ್ ಎಲ್ಲಿ?’ ‘ಲೇ, ಗ್ಯಾಸ್ ಬುಕ್ ಮಾಡಿದ್ಯಾ?’ ‘ಅತ್ತಿಗೆ, ವೈಫೈ ಹೋಯ್ತು.’ ಸ್ನಾನಕ್ಕೆ ಹೋದರೂ ಚಿಕ್ಕವನು ಬಾಗಿಲಾಚೆ ನಿಂತು ಸ್ಕೂಲಿನ ಕಥೆ ಹೇಳುತ್ತಿರುತ್ತಾನೆ.

ಈಗ ಗುಟ್ಟಿನ ವಿಷಯ. ಆಫೀಸಿಗೆ ಹೋದ ದಿನ ವಾಪಸ್ ಬಂದು ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುತ್ತೇನೆ. ಎಂಜಿನ್ ಆಫ್ ಮಾಡುತ್ತೇನೆ. ಇಳಿಯುವುದಿಲ್ಲ. ಹದಿನೈದು ನಿಮಿಷ, ಕೆಲವು ಸಲ ಇಪ್ಪತ್ತು. ಫೋನ್ ನೋಡುವುದಿಲ್ಲ, ಹಾಡು ಹಾಕುವುದಿಲ್ಲ, ಅಳುವುದೂ ಇಲ್ಲ. ಬಿಸಿಯಾದ ಎಂಜಿನ್ ಆರುವಾಗ ಬಾನೆಟ್ ಒಳಗೆ ಟಿಕ್ ಟಿಕ್ ಅನ್ನುತ್ತದಲ್ಲ, ಅದನ್ನು ಕೇಳಿಕೊಂಡು ಕೂತಿರುತ್ತೇನೆ. ಆ ಟಿಕ್ ಟಿಕ್ ನಿಂತ ಮೇಲೆ ಮೇಲಕ್ಕೆ ಹೋಗುತ್ತೇನೆ.

ಮಂಗಳವಾರ ವಾಚ್‌ಮನ್ ಬಂದು ಗಾಜು ತಟ್ಟಿದ. ‘ಮೇಡಂ, ಹುಷಾರಿಲ್ವಾ?’ ಅಂತ ಕೇಳಿದ. ಪಾಪ, ಒಳ್ಳೇ ಮನಸ್ಸಿನಿಂದಲೇ ಯಜಮಾನರಿಗೂ ಹೇಳಿದ್ದಾನೆ. ಇವರಿಗೆ ಬೇಜಾರಾಯಿತು. ‘ಮನೆಗೆ ಬರೋಕೆ ಇಷ್ಟ ಇಲ್ವಾ ನಿಂಗೆ?’ ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ.

ನೀವೆಲ್ಲ ಎಲ್ಲಿ ಹೋಗುತ್ತೀರ? ಒಬ್ಬರೇ ಇರಬೇಕು ಅನಿಸಿದಾಗ?

ಲಾಲ್‌ಬಾಗ್_ಮೇಷ್ಟ್ರು | ಶನಿವಾರ ಬೆಳಿಗ್ಗೆ 5.10

ತಾಯಿ, ಬನಶಂಕರಿಯಿಂದ ಮೆಟ್ರೋ ಹತ್ತಿದರೆ ಲಾಲ್‌ಬಾಗ್ ನಾಲ್ಕೈದು ಸ್ಟೇಷನ್ ಅಷ್ಟೇ. ಬೆಳಿಗ್ಗೆ ಆರಕ್ಕೇ ಗೇಟು ತೆಗೆಯುತ್ತಾರೆ. 240 ಎಕರೆ ಇದೆ, ಅದರಲ್ಲಿ ನಿಮಗೊಂದು ಕಲ್ಲುಬೆಂಚು ಸಿಗುವುದಿಲ್ಲವೇ? ಎಲ್ಲರೂ ಗಾಜಿನ ಮನೆ ಸುತ್ತ ನಡೆಯುತ್ತಾರೆ. ನೀವು ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೂತರೆ ವೈಫೈ ಹೋಗಿದ್ದು ದೊಡ್ಡ ವಿಷಯ ಅನಿಸುವುದಿಲ್ಲ.

ಒಂದು ಎಚ್ಚರಿಕೆ. ಮೂರು ತಿಂಗಳು ಒಂದೇ ಹೊತ್ತಿಗೆ ಹೋದರೆ ಪರಿಚಯ ಬೆಳೆದುಬಿಡುತ್ತದೆ. ನನಗೆ ಹಾಗೇ ಆಗಿದೆ. ಈಗ ಗೇಟಿನಿಂದ ಬಂಡೆಯ ತನಕ ಹನ್ನೊಂದು ಜನಕ್ಕೆ ನಮಸ್ಕಾರ ಹೇಳಬೇಕು, ಇಬ್ಬರ ಸಕ್ಕರೆ ಕಾಯಿಲೆ ಎಷ್ಟಿದೆ ಅಂತ ಕೇಳಬೇಕು. ಅದಕ್ಕೇ ಈಗೀಗ ಹಿಂದಿನ ಗೇಟಿನಿಂದ ಹೋಗುತ್ತೇನೆ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಅಂತೂ ಆ ಕಡೆ ತಲೆ ಹಾಕಬೇಡಿ. ಆಗಸ್ಟ್, ಜನವರಿ ಎರಡೂ ತಿಂಗಳು ಕಷ್ಟ.

ಟ್ರೆಕ್_ಸೀನ | ಶನಿವಾರ ಬೆಳಿಗ್ಗೆ 9.05

ಸಿಟಿಯಲ್ಲಿ ಏಕಾಂತ ಹುಡುಕುವುದು ಸಂತೆಯಲ್ಲಿ ನಿದ್ದೆ ಹುಡುಕಿದ ಹಾಗೆ. ಘಟ್ಟ ಹತ್ತಿ ಮೇಡಂ.

ಆದರೆ ಶನಿವಾರ, ಭಾನುವಾರ ಬೇಡ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ, ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ಅಲ್ಲಿಗೆ ಭಾನುವಾರ ಹೋಗಿ ನೋಡಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕೇ ಬೆಟ್ಟ ಹತ್ತಿದೆ ಅನಿಸುತ್ತದೆ. ಕಳೆದ ಸಲ ಮಂಜು ನೋಡಲು ಹೋಗಿ ಎರಡು ಗಂಟೆ ಮುಂದಿನ ಗಾಡಿಯ ಹೊಗೆ ನೋಡಿಕೊಂಡು ಕೂತಿದ್ದೆ. ಬುಧವಾರ, ಗುರುವಾರ ರಜೆ ಹಾಕಿ ಹೋಗಿ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇರುವ ದಾರಿಗಳಲ್ಲಿ ಜನರ ಸಂಖ್ಯೆಗೆ ಮಿತಿಯೂ ಇರುತ್ತದೆ.

ಲೆಕ್ಕದ_ಟೀಚರ್ | ಶನಿವಾರ ಬೆಳಿಗ್ಗೆ 9.40

ಸೀನ ಅವರೇ, ಬುಧವಾರ ನೀವು ಘಟ್ಟ ಹತ್ತಿದಾಗ ನಿಮ್ಮ ಮನೆಯಲ್ಲಿ ಟಿಫನ್ ಡಬ್ಬಿ ಕಟ್ಟಿದ್ದು ಯಾರು?

ಮೇಷ್ಟ್ರೇ, ನೀವು ಹಿರಿಯರು, ತಪ್ಪು ತಿಳಿಯಬೇಡಿ. ಬೆಳಿಗ್ಗೆ ಆರಕ್ಕೆ ನೀವು ಬಂಡೆ ಮೇಲೆ ಕೂತಾಗ ಮನೆಯಲ್ಲಿ ಹಾಲು ಕಾಯಿಸುತ್ತಿರುವವರು ಯಾರು? ಪದ್ಮಿನಿಗೆ ಜಾಗದ ಕೊರತೆ ಇಲ್ಲ. ಜಾಗ ಬೇಕಾದಷ್ಟಿದೆ. ಆ ಅರ್ಧ ಗಂಟೆ ಮನೆ ನೋಡಿಕೊಳ್ಳುವವರು ಯಾರು ಅನ್ನುವುದೇ ಪ್ರಶ್ನೆ. ನನ್ನ ಪ್ರಕಾರ ಏಕಾಂತ ಅನ್ನುವುದು ಒಬ್ಬರಿಗೆ ಇನ್ನೊಬ್ಬರು ಕೊಡುವ ಸಾಲ.

ಲೆಕ್ಕದ ಟೀಚರ್ ಆದ್ದರಿಂದ ಸ್ವಲ್ಪ ಲೆಕ್ಕ. ಕೇಂದ್ರ ಸರ್ಕಾರ ಜನರ ಸಮಯ ಹೇಗೆ ಖರ್ಚಾಗುತ್ತದೆ ಅಂತ ಒಂದು ಸಮೀಕ್ಷೆ ಮಾಡಿಸುತ್ತದೆ. 2024ರ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಕೆಲಸಕ್ಕೆ ಕೈ ಹಾಕುವ ಗಂಡಸರದ್ದು ಮಾತ್ರ. 2019ರಲ್ಲಿ ಇದೇ ಲೆಕ್ಕ 299 ಮತ್ತು 97 ಇತ್ತು. ನಮ್ಮದು 10 ನಿಮಿಷ ಕಮ್ಮಿ ಆಯಿತು ಅಂತ ಖುಷಿಪಡೋಣ ಅಂದರೆ ಅವರದ್ದೂ 9 ನಿಮಿಷ ಕಮ್ಮಿ ಆಗಿದೆ. ಮಿಕ್ಸಿ, ವಾಷಿಂಗ್ ಮಷೀನ್ ಪುಣ್ಯ ಇರಬೇಕು. ಗಂಡಸರ ಪುಣ್ಯ ಅಂತೂ ಅಲ್ಲ.

ಲಾಲ್‌ಬಾಗ್_ಮೇಷ್ಟ್ರು | ಶನಿವಾರ ಬೆಳಿಗ್ಗೆ 10.30

ತಪ್ಪು ತಿಳಿಯಲಿಲ್ಲ ಟೀಚರ್. ನಮ್ಮ ಮನೆಯಲ್ಲಿ ಹಾಲು ಕಾಯಿಸುವುದು ನಮ್ಮ ಮನೆಯವಳೇ. ನಿವೃತ್ತಿ ಆದದ್ದು ನನಗೆ ಮಾತ್ರ ಅಂತ ಅವಳು ಆಗಾಗ ಹೇಳುತ್ತಾಳೆ. ತಮಾಷೆಗೆ ಹೇಳುತ್ತಾಳೆ ಅಂದುಕೊಂಡಿದ್ದೆ.

ಸಾದಾ_ಸೀದಾ | ಶನಿವಾರ ಮಧ್ಯಾಹ್ನ 12.15

ಸ್ವಲ್ಪ ನೇರವಾಗಿ ಹೇಳುತ್ತೇನೆ. ಇದೆಲ್ಲ ಬೆಂಗಳೂರಿನವರ ಹೊಸ ಕಾಯಿಲೆ. ನಮ್ಮಮ್ಮ ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಐದು ಮಕ್ಕಳನ್ನು ಸಾಕಿದರು. ಮನೆ ತುಂಬ ಜನ, ಎರಡು ಹಸು, ತೋಟಕ್ಕೆ ಬಂದ ಆಳುಗಳಿಗೆ ಊಟ. ಒಂದು ದಿನವೂ ‘ನನಗೆ ಏಕಾಂತ ಬೇಕು’ ಅನ್ನಲಿಲ್ಲ. ಆ ಪದವೇ ಅವರಿಗೆ ಗೊತ್ತಿರಲಿಲ್ಲ. ಕಾರಲ್ಲಿ ಕೂತು ಎಂಜಿನ್ ಸದ್ದು ಕೇಳುವಷ್ಟು ಪುರುಸೊತ್ತು ಇದ್ದರೆ ಅದೇ ದೊಡ್ಡ ಸುಖ ಅಲ್ವಾ?

ಲೆಕ್ಕದ_ಟೀಚರ್ | ಶನಿವಾರ ಮಧ್ಯಾಹ್ನ 12.22

ಅಮ್ಮನನ್ನು ಕೇಳಿದ್ದೀರಾ? ಅಥವಾ ನೀವೇ ಅವರ ಪರವಾಗಿ ಹೇಳುತ್ತಿದ್ದೀರಾ?

ಹತ್ತು_ದಿನ_ಮೌನಿ | ಶನಿವಾರ ಸಂಜೆ 6.00

ಜಗಳದ ಮಧ್ಯೆ ನನ್ನದೊಂದು ಅನುಭವ.

ಹೋದ ವರ್ಷ ತುಮಕೂರು ರಸ್ತೆ ಕಡೆಯ ಆಲೂರಿನ ವಿಪಶ್ಯನ ಧ್ಯಾನ ಕೇಂದ್ರಕ್ಕೆ ಹೋಗಿದ್ದೆ. ಹತ್ತು ದಿನದ ಶಿಬಿರ. ಫೀಸು ಇಲ್ಲ, ಮುಗಿದ ಮೇಲೆ ಮನಸ್ಸಿದ್ದರೆ ಕಾಣಿಕೆ ಹಾಕಬಹುದು. ಮೊದಲ ದಿನವೇ ಫೋನ್ ತೆಗೆದಿಡುತ್ತಾರೆ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ಹನ್ನೊಂದಕ್ಕೆ ಊಟ, ಸಂಜೆ ಐದಕ್ಕೆ ಚಹಾ, ಹಣ್ಣು. ರಾತ್ರಿ ಊಟ ಇಲ್ಲ. ಮಾತಿಲ್ಲ, ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಸನ್ನೆ ಕೂಡ ಮಾಡಬಾರದು.

ಮೂರನೇ ದಿನ ಓಡಿಹೋಗೋಣ ಅನಿಸಿತು. ತಲೆಯಲ್ಲಿ ಒಂದು ಜಾಹೀರಾತಿನ ಹಾಡು ಸಿಕ್ಕಿಹಾಕಿಕೊಂಡು ಎರಡು ದಿನ ಬಿಡಲಿಲ್ಲ. ಆರನೇ ದಿನ ಊಟದ ಹೊತ್ತಿಗೆ ಎದುರು ಸಾಲಿನವನು ಮಜ್ಜಿಗೆ ಲೋಟ ಕೆಳಗಿಟ್ಟ ಶಬ್ದ ಕೇಳಿಸಿತು. ಬರೀ ಅದು. ನಲವತ್ತೆರಡು ವರ್ಷದಲ್ಲಿ ಒಂದು ಲೋಟದ ಸದ್ದನ್ನು ಪೂರ್ತಿ ಕೇಳಿಸಿಕೊಂಡಿದ್ದು ಅವತ್ತೇ ಇರಬೇಕು.

ವಾಪಸ್ ಬರುವಾಗ ದಾರಿಯಲ್ಲಿ ಫೋನ್ ಆನ್ ಮಾಡಿದೆ. ನಾಲ್ಕು ನೂರು ಚಿಲ್ಲರೆ ಮೆಸೇಜು. ಎರಡು ವಾರದಲ್ಲಿ ಮೊದಲಿನ ಹಾಗೇ ಆಗಿಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಊಟದ ಹೊತ್ತಿಗೆ ಫೋನ್ ಬೇರೆ ಕೋಣೆಯಲ್ಲಿಡುವ ಅಭ್ಯಾಸ ಮಾತ್ರ ಉಳಿದಿದೆ.

ಟೀಚರ್ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆ ಹತ್ತು ದಿನ ನನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಅವಳೂ ಹೋಗಬೇಕು ಅನ್ನುತ್ತಿದ್ದಾಳೆ. ಒಂದು ವರ್ಷದಿಂದ ಅನ್ನುತ್ತಿದ್ದಾಳೆ.

ಜೀರೋ_ಟಿಕೆಟ್ | ಶನಿವಾರ ರಾತ್ರಿ 8.15

ನಾನು ಹಾಸನ. ನನ್ನ ಜಾಗ ಸರ್ಕಾರಿ ಬಸ್ಸು.

ನಗಬೇಡಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಮೊದಲ ತಿಂಗಳು ಎಲ್ಲರ ಹಾಗೆ ನಾನೂ ದೇವಸ್ಥಾನ ಸುತ್ತಿದೆ. ಧರ್ಮಸ್ಥಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಆಮೇಲೆ ಬುದ್ಧಿ ಬಂತು. ಈಗ ತಿಂಗಳಿಗೆ ಎರಡು ಸಲ, ಕೆಲಸದ ದಿನವೇ, ಹನ್ನೊಂದು ಗಂಟೆ ಮೇಲೆ ಹೊರಡುತ್ತೇನೆ. ಸ್ಕೂಲು, ಕಾಲೇಜು, ಆಫೀಸಿನ ಜನ ಎಲ್ಲ ಇಳಿದುಹೋಗಿರುತ್ತಾರೆ. ಬೇಲೂರಿಗೋ ಸಕಲೇಶಪುರಕ್ಕೋ ಹೋಗುವ ಕೆಂಪು ಬಸ್ಸು. ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡುತ್ತಾನೆ. ಕಿಟಕಿ ಸೀಟು. ಸೆರಗು ತಲೆ ಮೇಲೆ ಎಳೆದುಕೊಂಡು ಕಿಟಕಿ ಕಡೆ ಮುಖ ಮಾಡಿದರೆ ಯಾರೂ ಮಾತಾಡಿಸುವುದಿಲ್ಲ. ಕಾಫಿ ತೋಟ ಶುರುವಾಗುವ ಕಡೆ ಗಾಳಿ ಬೇರೆ ಥರ ಇರುತ್ತದೆ. ಅಲ್ಲಿ ಇಳಿದು ಬಸ್‌ಸ್ಟ್ಯಾಂಡ್ ಹೋಟೆಲಲ್ಲಿ ಒಂದು ಕಾಫಿ ಕುಡಿದು ಅದೇ ಬಸ್ಸಿಗೆ ವಾಪಸ್ಸು. ಮಕ್ಕಳು ಸ್ಕೂಲಿನಿಂದ ಬರುವಷ್ಟರಲ್ಲಿ ನಾನು ಮನೆಯಲ್ಲಿರುತ್ತೇನೆ.

ಮೊದಲು ಎಲ್ಲಿಗೆ ಹೋಗಬೇಕು ಅಂದರೂ ಇವರ ಹತ್ತಿರ ದುಡ್ಡು ಕೇಳಬೇಕಿತ್ತು. ದುಡ್ಡು ಕೇಳಿದರೆ ಕಾರಣ ಹೇಳಬೇಕು. ‘ಸುಮ್ನೆ’ ಅನ್ನುವುದು ಕಾರಣ ಆಗುವುದಿಲ್ಲ. ಈಗ ಕಾಫಿಗೆ ಇಪ್ಪತ್ತು ರೂಪಾಯಿ ಸಾಕು, ಅದು ಸಾಸಿವೆ ಡಬ್ಬಿಯಲ್ಲಿ ಇರುತ್ತದೆ.

ಮ್ಯೂನಿಕ್_ಮಂಜ | ಶನಿವಾರ ರಾತ್ರಿ 11.50

ಇಲ್ಲಿ ಜರ್ಮನಿಯಲ್ಲಿ ಭಾನುವಾರ ಅಂದರೆ ಊರಿಗೇ ಮೌನವ್ರತ. ಅಂಗಡಿಗಳು ಬಾಗಿಲು ಹಾಕಿರುತ್ತವೆ. ಗೋಡೆಗೆ ಡ್ರಿಲ್ ಹಾಕುವ ಹಾಗಿಲ್ಲ, ಹುಲ್ಲು ಕತ್ತರಿಸುವ ಮಷೀನ್ ಓಡಿಸುವ ಹಾಗಿಲ್ಲ. ಬಂದ ಹೊಸದರಲ್ಲಿ ಭಾನುವಾರ ಒಂದು ಮೊಳೆ ಹೊಡೆದಿದ್ದಕ್ಕೆ ಕೆಳಗಿನ ಮನೆ ಅಜ್ಜಿ ಮೇಲೆ ಬಂದು ಹೇಳಿಹೋದರು. ನಾನು ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಅಡುಗೆಮನೆ ಕಟ್ಟೆ ಮೇಲೆ ಇಡಿಸುತ್ತೇನೆ. ಮಾತು ಬೇಡ. ಕುಕ್ಕರ್ ಮೂರು ಸಲ ಕೂಗಬೇಕು, ಸೊಪ್ಪಿನವಳು ಬೀದಿಯಲ್ಲಿ ಕೂಗಬೇಕು. ಅಷ್ಟು ಕೇಳಿಸಿಕೊಂಡು ಇಟ್ಟುಬಿಡುತ್ತೇನೆ.

ನೈಟ್_ಕಾಲ್ | ಭಾನುವಾರ ಬೆಳಿಗ್ಗೆ 10.10

ಮನೆ ಒಂದು ಕಡೆ, ಆಫೀಸು ಇನ್ನೊಂದು ಕಡೆ. ನಮ್ಮ ಟೀಮಿನ ಕಾಲ್ ಇರುವುದೇ ರಾತ್ರಿ ಒಂಬತ್ತೂವರೆಗೆ, ಅಮೆರಿಕದವರ ಬೆಳಿಗ್ಗೆಗೆ ಸರಿಯಾಗಿ. 2024ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾನೂನೇ ತಂದರು, ಕೆಲಸದ ಹೊತ್ತು ಮುಗಿದ ಮೇಲೆ ಬಾಸ್ ಫೋನ್ ಎತ್ತದಿದ್ದರೂ ನಡೆಯುತ್ತದೆ ಅಂತ. ಅದೇ ವರ್ಷ ನಮ್ಮಲ್ಲಿ ಐಟಿಯವರ ಕೆಲಸವನ್ನು ದಿನಕ್ಕೆ 14 ಗಂಟೆ ತನಕ ಎಳೆಯುವ ಪ್ರಸ್ತಾಪ ಬಂದು, ನೌಕರರ ಸಂಘದವರು ಪ್ರತಿಭಟನೆ ಮಾಡಬೇಕಾಯಿತು.

ಕಾನೂನು ಬರುವ ತನಕ ಕಾಯಲಾರೆ ಅಂತ ಒಂದು ಕೆಲಸ ಮಾಡಿದೆ. ಆಫೀಸಿನ ಚಾಟ್ ಆ್ಯಪನ್ನು ಫೋನಿನಿಂದ ತೆಗೆದೆ. ಲ್ಯಾಪ್‌ಟಾಪಿನಲ್ಲಿ ಮಾತ್ರ ಇದೆ. ಏನಾದರೂ ತೀರಾ ಅರ್ಜೆಂಟ್ ಆದರೆ ಫೋನ್ ಮಾಡಿ ಅಂದೆ. ಏಳು ತಿಂಗಳಾಯಿತು, ಫೋನ್ ಬಂದಿದ್ದು ಎರಡು ಸಲ. ಎರಡನೇ ಸಲ ಬಂದಿದ್ದು ಮದುವೆಗೆ ಕರೆಯಲು.

ಪುಸ್ತಕದ_ಹುಳ | ಭಾನುವಾರ ಮಧ್ಯಾಹ್ನ 1.30

ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಬನ್ನಿ. ಕಬ್ಬನ್ ರೀಡ್ಸ್ ಅಂತ, ಚಾಪೆ ಹಾಸಿಕೊಂಡು ಜನ ಸುಮ್ನೆ ಓದುತ್ತಾರೆ. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಸುತ್ತ ಜನ ಇದ್ದೂ ಒಬ್ಬರೇ ಇರಬಹುದು. ಮನೆಯಲ್ಲಿ ‘ಓದೋಕೆ ಹೋಗ್ತಿದೀನಿ’ ಅಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ನಾನು ಅರ್ಧ ದಿನ ಪುಸ್ತಕ ತೆರೆದು ಮರ ನೋಡಿಕೊಂಡು ಕೂತಿರುತ್ತೇನೆ, ಅದು ಬೇರೆ ವಿಷಯ.

ತೋಟದ_ಮಾಣಿ | ಭಾನುವಾರ ಸಂಜೆ 7.20

ಶಿರಸಿ ಕಡೆಯವ ನಾನು. ನಿಮ್ಮ ಮಾತುಕತೆ ಓದುತ್ತಾ ನಗಬೇಕೋ ಏನೋ ಗೊತ್ತಾಗಲಿಲ್ಲ.

ನಮ್ಮದು ಒಂಟಿ ಮನೆ. ಪಕ್ಕದ ಮನೆಗೆ ತೋಟ ದಾಟಿ ಹತ್ತು ನಿಮಿಷ ನಡೆಯಬೇಕು. ಮನೆಯಲ್ಲಿ ನಾನು, ಅಪ್ಪಯ್ಯ. ಸಂಜೆ ಆರೂವರೆಗೆ ಜೀರುಂಡೆ ಶುರುವಾದರೆ ಮತ್ತೆ ಮನುಷ್ಯರ ಸದ್ದಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೇ ಹೋಗುತ್ತವೆ. ಅಪ್ಪಯ್ಯನಿಗೆ ಕಿವಿ ಮಂದ. ನನಗೆ ಮೂವತ್ತೈದು. ಅಡಕೆ ತೋಟದ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ ಅನ್ನುವ ಸುದ್ದಿ ಪೇಪರಿನಲ್ಲಿ ಓದಿರುತ್ತೀರಿ. ಆ ಸುದ್ದಿ ನಾನೇ.

ವಾರಕ್ಕೊಮ್ಮೆ ಪೇಟೆಗೆ ಹೋಗುತ್ತೇನೆ. ಕೆಲಸ ಅರ್ಧ ಗಂಟೆಯದ್ದು. ಮೂರು ಗಂಟೆ ಇರುತ್ತೇನೆ. ಚಾ ಅಂಗಡಿಯಲ್ಲಿ ಗೊತ್ತಿಲ್ಲದವರ ಜಗಳ ಕೇಳುತ್ತಾ ಕೂರುವುದು. ನಿಮ್ಮ ಚಿಕ್ಕವನು ಬಾಗಿಲಾಚೆ ನಿಂತು ಕಥೆ ಹೇಳುತ್ತಾನಲ್ಲ ಅಕ್ಕಾ, ಅದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಿಮ್ಮದು ಕಷ್ಟ ಅಲ್ಲ ಅಂತ ಹೇಳುತ್ತಿಲ್ಲ. ಸುಮ್ಮನೆ ನನ್ನದೂ ಒಂದು ಹೇಳಿದೆ ಅಷ್ಟೇ.

ಪಾರ್ಕಿಂಗ್_ಪದ್ಮಿನಿ | ಭಾನುವಾರ ರಾತ್ರಿ 11.05

ಮಾಣಿ, ನಿನ್ನ ಮಾತಿಗೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ ತಮ್ಮಾ. ಬೆಂಗಳೂರಿಗೆ ಬಂದರೆ ಮನೆಗೆ ಬಾ. ಸದ್ದು ಬೇಕಾದಷ್ಟಿದೆ, ಕಟ್ಟಿಕೊಡುತ್ತೇನೆ.

ಟೀಚರ್, ‘ಸಾಲ’ ಅಂದಿರಲ್ಲ, ಅದು ತಲೆಯಲ್ಲೇ ಉಳಿದಿದೆ. ನಮ್ಮ ಯಜಮಾನರು ಸಂಜೆ ‘ಗಾಡಿಗೆ ಗಾಳಿ ಹಾಕಿಸಿಕೊಂಡು ಬರ್ತೀನಿ’ ಅಂತ ಹೋಗಿ ಮುಕ್ಕಾಲು ಗಂಟೆ ಬಿಟ್ಟು ಬರುತ್ತಾರೆ. ಮುಕ್ಕಾಲು ಗಂಟೆ ಗಾಳಿ ಹಿಡಿಯುವ ಟೈರು ಯಾವುದು? ಅದನ್ನು ಅವರು ಏಕಾಂತ ಅನ್ನುವುದಿಲ್ಲ. ನಾನೂ ಅಂದಿರಲಿಲ್ಲ. ಅವರನ್ನು ಯಾವ ವಾಚ್‌ಮನ್ನೂ ಕೇಳಿಲ್ಲ.

ಹಳೇ_ಅತ್ತೆ | ಸೋಮವಾರ ಬೆಳಿಗ್ಗೆ 11.15

ನಾನು ಮೈಸೂರು, ಅರವತ್ತೇಳು ವಯಸ್ಸು. ಮೊಮ್ಮಗಳು ಟೈಪ್ ಮಾಡಲು ಹೇಳಿಕೊಟ್ಟಿದ್ದಾಳೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಪದ್ಮಿನಿ, ನಿನ್ನ ಪತ್ರ ಎರಡು ಸಲ ಓದಿದೆ. ನಿಮ್ಮತ್ತೆ ಒಳ್ಳೆಯವರು ಅಂತ ಬರೆದಿದ್ದೀಯ. ಅವರಿಗೆ ಯಾವಾಗ ಪುರುಸೊತ್ತು ಅಂತ ಬರೆದಿಲ್ಲ.

ನನ್ನ ಕಥೆ ಹೇಳುತ್ತೇನೆ. ಮದುವೆಯಾಗಿ ಬಂದಾಗ ನಮ್ಮದು ಒಂಬತ್ತು ಜನರ ಮನೆ. ಆಗ ತಿಂಗಳಿಗೆ ಮೂರು ದಿನ ಹೊರಗೆ ಕೂರುವುದಿತ್ತು. ಅದನ್ನು ಒಳ್ಳೆಯದು ಅನ್ನುವುದಿಲ್ಲ. ಚಳಿಯಲ್ಲಿ ಹಿತ್ತಲ ಕೋಣೆಯಲ್ಲಿ ಚಾಪೆ ಮೇಲೆ ಮಲಗಿದ್ದು ನೆನಪಿದೆ. ನನ್ನ ಮಗಳಿಗೆ, ಸೊಸೆಗೆ ಅದನ್ನು ಮಾಡಿಸಲಿಲ್ಲ. ಆದರೆ ಆ ಮೂರು ದಿನ ಯಾರೂ ‘ಕಾಫಿ ಕೊಡು’ ಅನ್ನುತ್ತಿರಲಿಲ್ಲ. ಓದುವ ಹುಚ್ಚು ನನಗೆ ಹತ್ತಿದ್ದು ಅಲ್ಲೇ. ಕೆಟ್ಟ ಪದ್ಧತಿಯೊಳಗೆ ಒಂದು ಚೂರು ಬಿಡುವು ಸಿಕ್ಕಿತ್ತು. ಪದ್ಧತಿ ಹೋಯಿತು, ಸರಿ. ಬಿಡುವಿಗೆ ಬೇರೆ ದಾರಿ ಯಾರೂ ಮಾಡಿಕೊಡಲಿಲ್ಲ.

ಆಮೇಲೆ ಮಕ್ಕಳು ದೊಡ್ಡವರಾದರು. ಬೆಳಿಗ್ಗೆ ಹತ್ತೂವರೆಗೆ ಎಲ್ಲರೂ ಹೊರಟ ಮೇಲೆ ಮನೆ ನನ್ನದು. ಎರಡನೇ ಕಾಫಿ ಮಾಡಿಕೊಂಡು ರೇಡಿಯೋ ಜೋರಾಗಿ ಹಾಕಿಕೊಂಡು ಅಡುಗೆಮನೆ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ನಾನು ಹಾಡುತ್ತೇನೆ ಅನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆ ಹೊತ್ತಿನಲ್ಲಿ ಮಾತ್ರ ಹಾಡುತ್ತಿದ್ದೆ. ಇಪ್ಪತ್ತು ವರ್ಷ ಹಾಗೇ ನಡೆಯಿತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಮಗ, ಸೊಸೆ ಇಬ್ಬರೂ ಮನೆಯಲ್ಲೇ ಕೆಲಸಕ್ಕೆ ಕೂತರು. ಸೊಸೆ ಇವತ್ತಿಗೂ ಮನೆಯಿಂದಲೇ ಮಾಡುತ್ತಾಳೆ. ಅವಳು ಒಳ್ಳೆಯ ಹುಡುಗಿ. ಆದರೆ ಮೀಟಿಂಗ್ ಇದ್ದಾಗ ಮಿಕ್ಸಿ ಹಾಕುವ ಹಾಗಿಲ್ಲ, ಕುಕ್ಕರ್ ಕೂಗಿದರೆ ಓಡಿಹೋಗಿ ಆರಿಸಬೇಕು. ರೇಡಿಯೋ ಕಪಾಟಿನ ಮೇಲಿದೆ. ಚಟ್ನಿ ರುಬ್ಬುವುದು ಬೆಳಿಗ್ಗೆ ಐದಕ್ಕೆ. ನಿಮಗೆ ಮನೆಯಿಂದ ಕೆಲಸ ಬಂದಾಗ ನನ್ನ ಮನೆ ಆಫೀಸಾಯಿತು ಮಗಳೇ. ಇದನ್ನು ಇವತ್ತಿನ ತನಕ ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳಿದರೆ ‘ನನ್ನನ್ನು ಮನೆಯಿಂದ ಓಡಿಸುತ್ತಿದ್ದಾರೆ’ ಅಂದುಕೊಂಡಾಳು.

ಲೆಕ್ಕದ_ಟೀಚರ್ | ಸೋಮವಾರ ಮಧ್ಯಾಹ್ನ 1.00

ಅಮ್ಮಾ, ನನ್ನ ಲೆಕ್ಕದಲ್ಲಿ ನೀವು ಬಿಟ್ಟುಹೋಗಿದ್ದಿರಿ. ನಾನೂ ವಾರಕ್ಕೆ ಮೂರು ದಿನ ಆನ್‌ಲೈನ್ ಟ್ಯೂಷನ್ ಮಾಡುತ್ತೇನೆ. ನಮ್ಮತ್ತೆ ಆಗ ಬಾಲ್ಕನಿಯಲ್ಲಿ ಕೂತಿರುತ್ತಾರೆ. ಗಾಳಿಗೆ ಕೂತಿದ್ದಾರೆ ಅಂದುಕೊಂಡಿದ್ದೆ.

ಸಾದಾ_ಸೀದಾ | ಸೋಮವಾರ ರಾತ್ರಿ 9.30

ಟೀಚರ್, ಅಮ್ಮನನ್ನು ಕೇಳಿದೆ. ಫೋನ್ ಮಾಡಿ ನೇರವಾಗಿ ಕೇಳಿದೆ. ‘ಅಮ್ಮಾ, ನಿಂಗೆ ಒಬ್ಬಳೇ ಇರಬೇಕು ಅನಿಸ್ತಿತ್ತಾ ಆಗೆಲ್ಲ?’ ಮೊದಲು ‘ಯಾಕಪ್ಪಾ, ಮನೇಲಿ ಜಗಳ ಆಯ್ತಾ?’ ಅಂದರು. ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆಮೇಲೆ ಹೇಳಿದ್ದು: ‘ಬಚ್ಚಲ ಒಲೆ ಮುಂದೆ ಕೂರ್ತಿದ್ನಲ್ಲ, ಅದೇ ನಂದು.’

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಂಡೆಗೆ ನೀರು ತುಂಬಿ, ತೆಂಗಿನ ಗರಿ, ಮಟ್ಟೆ ಒಟ್ಟಿ ಉರಿ ಹಾಕುತ್ತಿದ್ದರು. ನೀರು ಕಾಯುವ ತನಕ ಒಲೆ ಮುಂದೆ ಕೂರಬೇಕು, ಇಲ್ಲದಿದ್ದರೆ ಗರಿ ಭರ್ರಂತ ಉರಿದು ಆರಿಹೋಗುತ್ತದೆ. ಆ ಹೊತ್ತಿನಲ್ಲಿ ಯಾರೂ ಕರೆಯುವ ಹಾಗಿಲ್ಲ, ಕರೆದರೂ ‘ಒಲೆ ಮುಂದೆ ಇದೀನಿ’ ಅಂದರೆ ಆಯಿತು. ಚಿಕ್ಕಂದಿನಲ್ಲಿ ನಾನು ಎದ್ದು ಹೋದರೆ ಅಮ್ಮನ ಮುಖ ಕೆಂಪಗೆ ಕಾಣುತ್ತಿತ್ತು. ಕೆಲಸ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಕೆಲಸವೂ ಹೌದು.

ಆ ಮನೆಗೆ ಗೀಸರ್ ಹಾಕಿಸಿದ್ದು ನಾನೇ. ಮೊದಲ ಸಂಬಳ ಕೂಡಿಟ್ಟು. ಅಮ್ಮನಿಗೆ ಹೊಗೆ ತಪ್ಪಲಿ ಅಂತ. ‘ಗೀಸರ್ ಬಂದ್ಮೇಲೆ ಕೂರೋಕೆ ನೆಪ ಇಲ್ಲ’ ಅಂದರು ಇವತ್ತು. ಬೇಜಾರಿಂದ ಅಲ್ಲ, ನಗುತ್ತಾ ಅಂದರು. ನನಗೆ ನಗು ಬರಲಿಲ್ಲ.

ಪದ್ಮಿನಿ ಅವರೇ, ಮೊನ್ನೆ ಬರೆದಿದ್ದಕ್ಕೆ ಕ್ಷಮಿಸಿ.

ಟ್ರೆಕ್_ಸೀನ | ಸೋಮವಾರ ರಾತ್ರಿ 10.02

ಗೀಸರ್ ಕಥೆ ಓದಿ ನಮ್ಮಮ್ಮ ಸಂಜೆ ಹೂ ಕಟ್ಟುವುದು ನೆನಪಾಯಿತು. ಮಾರ್ಕೆಟಲ್ಲಿ ಕಟ್ಟಿದ ಹೂವೇ ಸಿಗುತ್ತದೆ, ಬಿಡಿ ಹೂ ಯಾಕೆ ತರುತ್ತೀಯ ಅಂತ ಎಷ್ಟು ಸಲ ಕೇಳಿದ್ದೇನೋ. ಇನ್ನು ಕೇಳುವುದಿಲ್ಲ.

ಪಾರ್ಕಿಂಗ್_ಪದ್ಮಿನಿ | ಎರಡು ವಾರದ ನಂತರ, ಶನಿವಾರ ರಾತ್ರಿ 11.30

ಎರಡು ವಾರ ಆಯಿತು. ಏನಾಯಿತು ಅಂತ ಮೆಸೇಜು ಮಾಡಿ ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ.

ಮೈಸೂರಿನ ಅಮ್ಮ ಬರೆದಿದ್ದನ್ನು ಅತ್ತೆಗೆ ಓದಿ ಹೇಳಿದೆ. ಯಾರೋ ಬರೆದಿದ್ದಾರೆ ಅಂತಷ್ಟೇ ಹೇಳಿದ್ದು. ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಕೊನೆಯ ತನಕ ಕೇಳಿ ‘ಪಾಪ’ ಅಂದರು. ಐದು ನಿಮಿಷ ಬಿಟ್ಟು, ತಲೆ ಎತ್ತದೆ, ‘ಆಯಮ್ಮನಿಗೆ ಒಂದು ಕೋಣೆನಾದ್ರೂ ಇರಬೋದು’ ಅಂದರು.

ಆಗ ಹೊಳೆಯಿತು. ಹಾಲ್‌ನಲ್ಲಿ ಮೈದುನ, ಬೆಡ್‌ರೂಮಿನಲ್ಲಿ ನಾನು, ಇನ್ನೊಂದು ಕೋಣೆಯಲ್ಲಿ ಮಕ್ಕಳ ಜೊತೆ ಅವರು. ಹಗಲಲ್ಲಿ ನಾನು ಮೀಟಿಂಗಿನಲ್ಲಿದ್ದರೆ ಅವರು ಅಡುಗೆಮನೆಯಲ್ಲೇ ಸ್ಟೂಲಿನ ಮೇಲೆ ಕೂತಿರುತ್ತಾರೆ. ನನಗಾದರೂ ಒಂದು ಕಾರಿತ್ತು.

ಈಗ ಮಾಡಿದ್ದು ಇಷ್ಟು. ಆಫೀಸಿಗೆ ಎರಡರ ಬದಲು ಮೂರು ದಿನ ಹೋಗುತ್ತಿದ್ದೇನೆ. ಟ್ರಾಫಿಕ್ಕಿನಲ್ಲಿ ಪ್ರಾಣ ಹೋಗುತ್ತದೆ, ಅದು ಇದ್ದದ್ದೇ. ಮೈದುನನಿಗೆ ಹತ್ತಿರದ ಸರ್ಕಾರಿ ಲೈಬ್ರರಿ ತೋರಿಸಿದೆ. ಮೊದಲ ದಿನ ಮುಖ ಊದಿಸಿಕೊಂಡು ಹೋದ. ಅಲ್ಲಿ ಇವನ ಹಾಗೇ ಪರೀಕ್ಷೆಗೆ ಓದುವ ಹತ್ತಾರು ಜನ ಇದ್ದಾರಂತೆ, ಈಗ ಕರೆದರೂ ಊಟಕ್ಕೆ ಬರುವುದಿಲ್ಲ. ಹಾಗಾಗಿ ಆ ಮೂರು ದಿನ ಹತ್ತರಿಂದ ಮೂರರ ತನಕ ಮನೆ ಅತ್ತೆಯದು. ಅವರು ಏನು ಮಾಡುತ್ತಾರೆ ಅಂತ ಕೇಳಿಲ್ಲ. ನಿನ್ನೆ ಬಂದಾಗ ರೇಡಿಯೋ ಮುಳ್ಳು 102.9ರಲ್ಲಿ ನಿಂತಿತ್ತು, ವಾಲ್ಯೂಮ್ ಕೊನೆಯ ತನಕ ತಿರುಗಿತ್ತು. ನಾನು ಕಮ್ಮಿ ಮಾಡಲಿಲ್ಲ.

ಯಜಮಾನರ ಜೊತೆ ಮಾತು ಅಷ್ಟು ಸಲೀಸಾಗಿ ಆಗಲಿಲ್ಲ. ಗಾಳಿ ಹಾಕಿಸುವ ವಿಷಯ ಎತ್ತಿದ್ದಕ್ಕೆ ಎರಡು ದಿನ ಮುನಿಸು. ಮೂರನೇ ದಿನ ‘ಏಳೂವರೆಯಿಂದ ಎಂಟು ನಾನು ಮಕ್ಕಳನ್ನ ನೋಡ್ಕೋತೀನಿ, ನೀನು ಎಲ್ಲಾದ್ರೂ ಹೋಗು’ ಅಂದರು. ‘ಎಲ್ಲಾದ್ರೂ’ ಅಂದಿದ್ದು ಸ್ವಲ್ಪ ಒರಟಾಗಿತ್ತು. ನಾನು ಹಿಡಿದುಕೊಂಡೆ, ಬಿಡಲಿಲ್ಲ. ತಾರಸಿಗೆ ಹೋಗುತ್ತೇನೆ, ನೀರಿನ ಟ್ಯಾಂಕಿನ ಹಿಂದೆ. ಒಂದು ದಿನ ನಾಲ್ಕನೇ ಮಹಡಿ ಆಂಟಿ ಬಟ್ಟೆ ತೆಗೆಯಲು ಬಂದು ಅರ್ಧ ಗಂಟೆಯನ್ನೂ ತಿಂದುಹಾಕಿದರು. ಇನ್ನೊಂದು ದಿನ ಕೆಳಗಿನಿಂದ ಫೋನ್: ‘ಉಪ್ಪಿನ ಡಬ್ಬಿ ಎಲ್ಲಿ?’ ಹನ್ನೆರಡು ವರ್ಷದಿಂದ ಅದು ಒಲೆಯ ಬಲಗಡೆಯೇ ಇದೆ.

ಜೀರೋ_ಟಿಕೆಟ್ | ಭಾನುವಾರ ಬೆಳಿಗ್ಗೆ 7.45

ಫೋನ್ ಕೆಳಗೇ ಬಿಟ್ಟು ಹೋಗಿ. ಮತ್ತೆ ಆ ವಾಚ್‌ಮನ್‌ಗೆ ಏನು ಹೇಳಿದಿರಿ? ಅದನ್ನು ಬರೆಯಲೇ ಇಲ್ಲ.

ಪಾರ್ಕಿಂಗ್_ಪದ್ಮಿನಿ | ಭಾನುವಾರ ಬೆಳಿಗ್ಗೆ 8.10

ತಾರಸಿ ಇದ್ದರೂ ಕಾರಿನ ಹತ್ತು ನಿಮಿಷ ಬಿಟ್ಟಿಲ್ಲ. ವಾಚ್‌ಮನ್‌ಗೆ ‘ಹುಷಾರಾಗೇ ಇದೀನಪ್ಪಾ, ಸುಮ್ನೆ ಕೂತಿರ್ತೀನಿ’ ಅಂದೆ. ‘ಗೊತ್ತಾಯ್ತು ಮೇಡಂ’ ಅಂದ. ಈಗ ನನ್ನ ಗಾಡಿ ಬಂದರೆ ಆ ಕಡೆಯ ಟ್ಯೂಬ್‌ಲೈಟ್ ಆರಿಸುತ್ತಾನೆ.

ಗುರುವಾರ ಕೆಳಗೆ ಇಳಿದಾಗ ಎದುರು ಸಾಲಿನ ಕಾರಿನಲ್ಲಿ ಎರಡನೇ ಮಹಡಿಯವರು ಕೂತಿದ್ದರು. ಬ್ಯಾಂಕಿನಲ್ಲಿ ಕೆಲಸ ಅವರಿಗೆ, ಐವತ್ತರ ಮೇಲೆ ವಯಸ್ಸು. ಎಂಜಿನ್ ಆಫ್ ಆಗಿತ್ತು. ಸ್ಟೀರಿಂಗ್ ಮೇಲೆ ಎರಡೂ ಕೈ. ನನ್ನ ಕಡೆ ನೋಡಿದರೋ ಇಲ್ಲವೋ. ನಾನು ಬೀಗದ ಕೈ ಹುಡುಕುವ ಹಾಗೆ ಬ್ಯಾಗಿನೊಳಗೆ ತಲೆ ಹಾಕಿಕೊಂಡು ಲಿಫ್ಟ್ ಕಡೆ ಹೋದೆ.